ಹಳೇ ಸ್ಟುಡಿಯೋ ಲೆನ್ಸು, ಹೊಸ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಎಷ್ಟೋ ಮನೆಗಳ ಅಲಮಾರಿಯಲ್ಲಿ ಒಂದು ದಪ್ಪ ಕ್ಯಾಮೆರಾ ಇದ್ದೇ ಇರುತ್ತದೆ. ಕಾಕಾನದೋ ಮಾಮಾನದೋ ಸ್ಟುಡಿಯೋ ಇತ್ತು. 120 ರೋಲಿನ ಕಾಲ ಮುಗಿಯಿತು, ಅಂಗಡಿ ಜೆರಾಕ್ಸ್ ಸೆಂಟರ್ ಆಯಿತು, ಕ್ಯಾಮೆರಾ ಉಳಿಯಿತು. ಅದರ ಲೆನ್ಸನ್ನು ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಬಹುದಾ ಅಂತ ಕೇಳುವವರು ಈಚೆಗೆ ಜಾಸ್ತಿ. ಅವರೆಲ್ಲರ ಪ್ರಶ್ನೆಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಲೆನ್ಸುಗಳ ನಿಜವಾದ ಆಸ್ತಿ ಅಂದರೆ ಅವು ಬೀಳಿಸುವ ದೊಡ್ಡ ಬಿಂಬ. ಆ ದೊಡ್ಡ ಬಿಂಬವನ್ನು ಬಳಸಿಕೊಳ್ಳುವ ಅಡಾಪ್ಟರ್ (ಲೆನ್ಸನ್ನೂ ಕ್ಯಾಮೆರಾವನ್ನೂ ಕೂಡಿಸುವ ತುಂಡು) ಹಾಕಿದರೆ ಮಾತ್ರ ಇವುಗಳ ಬೆಲೆ ಗೊತ್ತಾಗುತ್ತದೆ. ಬರೀ ಕೊಳವೆಯಂಥ ಅಡಾಪ್ಟರ್ ಹಾಕಿದರೆ ಕೈಗೆ ಸಿಗುವುದು ಒಂದು ಭಾರವಾದ, ಪರವಾಗಿಲ್ಲ ಅನ್ನುವಂಥ ಲೆನ್ಸು, ಅಷ್ಟೇ.

ಮೀಡಿಯಂ ಫಾರ್ಮ್ಯಾಟ್ ಲೆನ್ಸು ಅಂದರೆ ಯಾವುವು?

120 ಫಿಲ್ಮ್ ಬಳಸುವ ಕ್ಯಾಮೆರಾಗಳ ಲೆನ್ಸು. ಈ ಫಿಲ್ಮನ್ನು ಕೊಡಾಕ್ 1901ರಲ್ಲಿ ತಂದಿತು, ಇವತ್ತಿಗೂ ಸಿಗುತ್ತದೆ. ಅಗಲ ಸುಮಾರು 6 ಸೆಂಟಿಮೀಟರ್. ಅದರ ಮೇಲೆ 6×4.5, 6×6, 6×7 ಅಳತೆಯ ಚಿತ್ರ ಬೀಳುತ್ತದೆ. 6×6 ಅಂದರೂ ನಿಜವಾದ ಅಳತೆ 56×56 ಮಿ.ಮೀ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಇರುವುದು ಸೆನ್ಸರ್, ನಿಮ್ಮ ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ವ್ಯತ್ಯಾಸ ಎಷ್ಟು ಅಂತ ಇಲ್ಲೇ ಗೊತ್ತಾಯಿತಲ್ವಾ.

ಲೆನ್ಸು ಬಿಚ್ಚಲು ಬರುವ ಹಳೇ ಕ್ಯಾಮೆರಾಗಳಲ್ಲಿ ಮುಖ್ಯವಾದವು ಇವು: ಹ್ಯಾಸಲ್‌ಬ್ಲಾಡ್ 500 ಸರಣಿ, ಪೂರ್ವ ಜರ್ಮನಿಯ ಪೆಂಟಾಕಾನ್ ಸಿಕ್ಸ್, ಅದೇ ಮೌಂಟ್ (ಲೆನ್ಸು ಕೂಡುವ ಬಾಯಿ) ಇರುವ ಸೋವಿಯತ್ ಕಾಲದ ಕೀವ್ 60, ಮಮಿಯಾ 645, ಪೆಂಟ್ಯಾಕ್ಸ್ 645, ಪೆಂಟ್ಯಾಕ್ಸ್ 67, ಬ್ರೋನಿಕಾ, ಮಮಿಯಾ ಆರ್‌ಬಿ67.

ಇಷ್ಟು ದೊಡ್ಡ ಲೆನ್ಸು ಸಣ್ಣ ಕ್ಯಾಮೆರಾಕ್ಕೆ ಹೇಗೆ ಕೂಡುತ್ತದೆ?

ಸುಲಭವಾಗಿ ಕೂಡುತ್ತದೆ. ಪ್ರತಿ ಲೆನ್ಸಿಗೂ ತನ್ನ ಮೌಂಟಿನಿಂದ ಫಿಲ್ಮಿನವರೆಗೆ ಇಷ್ಟೇ ದೂರ ಬೇಕು ಅಂತ ಒಂದು ಲೆಕ್ಕ ಇರುತ್ತದೆ. ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದೊಳಗೆ ದೊಡ್ಡ ಕನ್ನಡಿ ಏಳಬೇಕಿತ್ತು, ಅದಕ್ಕೆ ಆ ದೂರ ಜಾಸ್ತಿ. ಮಮಿಯಾ 645ಕ್ಕೆ 63.3 ಮಿ.ಮೀ, ಪೆಂಟಾಕಾನ್ ಸಿಕ್ಸಿಗೆ 74.1, ಹ್ಯಾಸಲ್‌ಬ್ಲಾಡಿಗೆ 74.9, ಪೆಂಟ್ಯಾಕ್ಸ್ 67ಕ್ಕೆ 84.95. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೇ ಇಲ್ಲ. ಸೋನಿ ಇ ಮೌಂಟಿಗೆ 18 ಮಿ.ಮೀ, ಕ್ಯಾನನ್ ಆರ್‌ಎಫ್‌ಗೆ 20, ನಿಕಾನ್ ಝಡ್‌ಗೆ 16 ಸಾಕು. ಈ ಎರಡರ ನಡುವಿನ ಅಂತರವನ್ನು ಅಡಾಪ್ಟರ್ ತುಂಬುತ್ತದೆ. ಪೆಂಟಾಕಾನ್ ಸಿಕ್ಸ್ ಲೆನ್ಸು ಸೋನಿಗೆ ಹಾಕುವ ಅಡಾಪ್ಟರ್ ಸುಮಾರು 56 ಮಿ.ಮೀ ಉದ್ದ ಇರುತ್ತದೆ. ಒಳಗೆ ಗಾಜು ಬೇಕಿಲ್ಲ, ಖಾಲಿ ಲೋಹದ ಕೊಳವೆ. ಈ 56 ಮಿ.ಮೀ ಖಾಲಿ ಜಾಗ ಎಷ್ಟು ಉಪಯೋಗ ಅನ್ನುವುದು ಮುಂದೆ ಶಿಫ್ಟ್ ವಿಷಯ ಬಂದಾಗ ಗೊತ್ತಾಗುತ್ತದೆ.

ನನ್ನ ಹತ್ತಿರ ಮಿರರ್‌ಲೆಸ್ ಇಲ್ಲ. ಮದುವೆ ಕೆಲಸಕ್ಕೆ ತಗೊಂಡಿದ್ದ ಹಳೇ ಡಿಎಸ್‌ಎಲ್‌ಆರ್ ಇದೆ. ಆಗುತ್ತದಾ?

ಆಗುತ್ತದೆ. ಇವುಗಳಲ್ಲಿ ಕನ್ನಡಿ ಇದ್ದರೂ ಆ ದೂರ ಕ್ಯಾನನ್ ಇಎಫ್‌ಗೆ 44 ಮಿ.ಮೀ, ನಿಕಾನ್ ಎಫ್‌ಗೆ 46.5 ಮಿ.ಮೀ. ಎರಡೂ ಮಮಿಯಾ 645ರ 63.3ಕ್ಕಿಂತ ಕಡಿಮೆಯೇ. 35 ಮಿ.ಮೀ ಫಿಲ್ಮ್ ಕ್ಯಾಮೆರಾದ ಎಷ್ಟೋ ಹಳೇ ಲೆನ್ಸುಗಳು ನಿಕಾನ್ ಡಿಎಸ್‌ಎಲ್‌ಆರ್‌ಗೆ ಸರಿಯಾಗಿ ಕೂಡುವುದಿಲ್ಲ, ದೂರದ ಫೋಕಸ್ ಸಿಗುವುದಿಲ್ಲ. ಮೀಡಿಯಂ ಫಾರ್ಮ್ಯಾಟ್ ಲೆನ್ಸುಗಳಿಗೆ ಆ ತೊಂದರೆ ಇಲ್ಲ. ಆದರೆ ವ್ಯೂಫೈಂಡರಿನಲ್ಲಿ ಕಣ್ಣಂದಾಜಿನ ಮೇಲೆ ಫೋಕಸ್ ಮಾಡುವುದು ಕಷ್ಟ. ಲೈವ್ ವ್ಯೂ ಹಾಕಿ, ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ.

ನಮ್ಮ ಅಪ್ಪಾಜಿಯದು ಯಾಷಿಕಾ-ಮ್ಯಾಟ್. ಅದರ ಲೆನ್ಸು ಬಿಚ್ಚಬಹುದಾ?

ಬೇಡ. ಎರಡು ಕಣ್ಣಿನ ಆ ಕ್ಯಾಮೆರಾಗಳಲ್ಲಿ ಲೆನ್ಸು ದೇಹಕ್ಕೇ ಕೂಡಿರುತ್ತದೆ. ಫೋಕಸ್ ಆಗುವುದು ಮುಂದಿನ ಹಲಗೆ ಇಡಿಯಾಗಿ ಹಿಂದೆ ಮುಂದೆ ಸರಿದು. ಬಿಚ್ಚಿದರೆ ಒಳ್ಳೇ ಕ್ಯಾಮೆರಾ ಹಾಳಾಗುತ್ತದೆ. 120 ರೋಲ್ ತರಿಸಿ ಅದರಲ್ಲೇ ತೆಗೆಯಿರಿ, ಒಂದು ರೋಲಿಗೆ 12 ಫೋಟೋ ಬರುತ್ತವೆ. ಅಗ್ಫಾ ಕ್ಲಿಕ್-3 ಇದ್ದವರಿಗೂ ಇದೇ ಮಾತು. ಮಮಿಯಾ ಸಿ330 ಲೆನ್ಸು ಬಿಚ್ಚಲು ಬರುತ್ತದೆ, ಆದರೆ ಜೋಡಿ ಲೆನ್ಸು ಒಂದೇ ಹಲಗೆಯಲ್ಲಿರುತ್ತವೆ, ಫೋಕಸ್ ರಿಂಗ್ ಇರುವುದಿಲ್ಲ. ಆರ್‌ಬಿ67 ಲೆನ್ಸಿಗೂ ಫೋಕಸ್ ರಿಂಗ್ ಇಲ್ಲ, ಆ ಕ್ಯಾಮೆರಾದ ಬೆಲ್ಲೋಸೇ (ಹಿಗ್ಗಿ ಕುಗ್ಗುವ ಮಡಿಕೆಯ ತಿದಿ) ಫೋಕಸ್ ಮಾಡುತ್ತಿತ್ತು. ಇಂಥ ಲೆನ್ಸುಗಳಿಗೆ ಫೋಕಸ್ ಮಾಡುವ ಹೆಲಿಕಾಯ್ಡ್ ಕೊಳವೆಯೋ ಬೆಲ್ಲೋಸೋ ಬೇಕೇ ಬೇಕು. ಮೊದಲ ಸಲ ಮಾಡುವವರು ಇವನ್ನು ಮುಟ್ಟದಿರುವುದೇ ಒಳ್ಳೆಯದು.

ಸ್ಟುಡಿಯೋ ಸಾಮಾನಿನಲ್ಲಿ ಬೇರೆ ಏನಾದರೂ ಉಪಯೋಗಕ್ಕೆ ಬರುತ್ತದಾ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಕತ್ತಲೆ ಕೋಣೆಯ ಎನ್‌ಲಾರ್ಜರ್ ಇತ್ತಾ? ಅದರ ತಳದಲ್ಲಿ ಬೆರಳುದ್ದದ ಒಂದು ಸಣ್ಣ ಲೆನ್ಸು ಇರುತ್ತದೆ. ಎನ್‌ಲಾರ್ಜರನ್ನು ಗುಜರಿಗೆ ಹಾಕುವಾಗ ಜನ ಅದನ್ನೂ ಜೊತೆಗೇ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಸುತ್ತಲಿನ ಅಕ್ಷರ ಓದಿ. ಎಲ್-ನಿಕ್ಕೋರ್, ಕಾಂಪೋನಾನ್, ರೋಡಾಗಾನ್ ಅಂತ ಇದ್ದರೆ ಎತ್ತಿಡಿ. 75 ಅಥವಾ 80 ಮಿ.ಮೀ ಇದ್ದರೆ ಅದು 6×6 ನೆಗೆಟಿವ್‌ಗೆ ಅಂತಲೇ ಮಾಡಿದ ಲೆನ್ಸು. ಸಪಾಟಾದ ನೆಗೆಟಿವ್ವನ್ನು ಸಪಾಟಾದ ಕಾಗದದ ಮೇಲೆ ಮೂಲೆಯಿಂದ ಮೂಲೆಗೆ ಚೂಪಾಗಿ ಬೀಳಿಸುವುದು ಅದರ ಕೆಲಸ. ಹಾಗಾಗಿ ಹತ್ತಿರದ ವಸ್ತು ತೆಗೆಯಲು ಇದಕ್ಕಿಂತ ಅಗ್ಗದ ಒಳ್ಳೇ ಲೆನ್ಸು ಸಿಗುವುದು ಕಷ್ಟ. ಹಿಂಭಾಗದ ತಿರುಪು ಹೆಚ್ಚಿನವುಗಳಲ್ಲಿ 39 ಮಿ.ಮೀ. ಅದನ್ನು 42 ಮಿ.ಮೀ ತಿರುಪಿಗೆ ಬದಲಿಸುವ ಒಂದು ಬಳೆ, ಒಂದು ಉದ್ದನೆಯ ಹೆಲಿಕಾಯ್ಡ್, ಅದರ ಹಿಂದೆ ನಿಮ್ಮ ಕ್ಯಾಮೆರಾದ ಮೌಂಟ್. ಇಷ್ಟು ಇದ್ದರೆ ಆಯಿತು. ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ಕೂಡ ಕೈಯಲ್ಲೇ ತಿರುಗಿಸುವುದು, ಯಾವ ಪಿನ್ನೂ ಇಲ್ಲ, ಷಟರೂ ಇಲ್ಲ.

80 ಮಿ.ಮೀ ಲೆನ್ಸು ನನ್ನ ಕ್ಯಾಮೆರಾದಲ್ಲಿ ಎಷ್ಟಾಗುತ್ತದೆ?

80 ಮಿ.ಮೀ ಲೆನ್ಸು 80 ಮಿ.ಮೀ ಆಗಿಯೇ ಇರುತ್ತದೆ. ಲೆನ್ಸಿನ ಮೇಲೆ ಬರೆದಿರುವ ಅಂಕಿ ಯಾವ ಕ್ಯಾಮೆರಾಕ್ಕೆ ಹಾಕಿದರೂ ಬದಲಾಗುವುದಿಲ್ಲ, ಕಾಣುವ ನೋಟದ ಅಗಲ ಮಾತ್ರ ಬದಲಾಗುತ್ತದೆ. 6×6ನಲ್ಲಿ 80 ಮಿ.ಮೀ ಸಾಮಾನ್ಯ ನೋಟ ಕೊಡುತ್ತಿತ್ತು. ಫುಲ್ ಫ್ರೇಮಿನಲ್ಲಿ ಅದು ಮುಖಚಿತ್ರದ ಲೆನ್ಸು. ಸಣ್ಣ ಎಪಿಎಸ್-ಸಿ ಸೆನ್ಸರಿನಲ್ಲಿ 120 ಮಿ.ಮೀ ಲೆನ್ಸಿನಷ್ಟು ಹತ್ತಿರ ಎಳೆದಂತೆ ಕಾಣುತ್ತದೆ.

ಈ ಲೆನ್ಸುಗಳ ದೊಡ್ಡ ಕೊರತೆ ಅಗಲದ ನೋಟ ಇಲ್ಲದಿರುವುದು. ಪೆಂಟಾಕಾನ್ ಸಿಕ್ಸಿನ 50 ಮಿ.ಮೀ ಫ್ಲೆಕ್ಟೊಗಾನ್, ಕೀವ್‌ನ 45 ಮಿ.ಮೀ ಮಿರ್-26 ಅಲ್ಲಿ ಅಗಲದ ಲೆನ್ಸುಗಳು. ನಿಮ್ಮ ಸೆನ್ಸರಿನ ಮೇಲೆ ಅವು ಸಾಧಾರಣ ನೋಟದವು. ಜಾತ್ರೆಯ ಗದ್ದಲದಲ್ಲಿ ಹತ್ತಿರ ನಿಂತು ಇಡೀ ರಥ ಹಿಡಿಯಬೇಕು ಅಂದರೆ ಇವು ಕೈಕೊಡುತ್ತವೆ.

ಹಾಗಾದರೆ ಹಿನ್ನೆಲೆ ಮೃದುವಾಗಿ ಕಾಣುವ ಆ ಮೀಡಿಯಂ ಫಾರ್ಮ್ಯಾಟ್ ಲುಕ್ ಬರುತ್ತದಾ?

ಬರೀ ಕೊಳವೆ ಅಡಾಪ್ಟರ್ ಹಾಕಿದರೆ ಬರುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಈ ಆಸೆಗೇ ಜನ ದುಡ್ಡು ಹಾಕುತ್ತಾರೆ. ಲೆನ್ಸು ಒಂದು ದೊಡ್ಡ ಜೋಳದ ರೊಟ್ಟಿಯಷ್ಟು ಬಿಂಬ ಬೀಳಿಸುತ್ತದೆ, ನಿಮ್ಮ ಸೆನ್ಸರ್ ಅದರ ನಡುವಿನ ಒಂದು ಚೌಕ ತುಂಡನ್ನು ಮಾತ್ರ ತಗೊಳ್ಳುತ್ತದೆ. ಉಳಿದದ್ದು ದಂಡ. ಎಫ್ ಅಂಕಿ ಚಿಕ್ಕದಿದ್ದಷ್ಟೂ ಅಪರ್ಚರ್ ದೊಡ್ಡದು. ಪೆಂಟಾಕಾನ್ ಸಿಕ್ಸಿನ 80 ಮಿ.ಮೀ ಎಫ್/2.8 ಬಯೋಮೆಟಾರ್ ಹಿನ್ನೆಲೆಯನ್ನು ಎಷ್ಟು ಮಸುಕು ಮಾಡುತ್ತದೋ, ಬೇರೆ ಯಾವ 80 ಮಿ.ಮೀ ಎಫ್/2.8 ಲೆನ್ಸೂ ಅಷ್ಟೇ ಮಾಡುತ್ತದೆ. ಇವತ್ತಿನ 85 ಎಫ್/1.8 ಅದಕ್ಕಿಂತ ಜಾಸ್ತಿ ಮಾಡುತ್ತದೆ, ಹಗುರವೂ ಇರುತ್ತದೆ, ಆಟೋಫೋಕಸ್ಸೂ ಇರುತ್ತದೆ.

6×6 ಫಿಲ್ಮಿನಲ್ಲಿ 80 ಎಫ್/2.8 ಕೊಡುತ್ತಿದ್ದ ನೋಟ ಫುಲ್ ಫ್ರೇಮಿನಲ್ಲಿ ಬೇಕಾದರೆ ಹೆಚ್ಚುಕಮ್ಮಿ 44 ಮಿ.ಮೀ ಎಫ್/1.5 ಲೆನ್ಸು ಬೇಕು. ಆ ಮೃದುವಾದ ಹಿನ್ನೆಲೆಗೆ ಕಾರಣ ಲೆನ್ಸಿನ ಮಂತ್ರ ಅಲ್ಲ, ಫಿಲ್ಮಿನ ದೊಡ್ಡ ಅಳತೆ. ಬಣ್ಣ, ಮಸುಕಿನ ಆಕಾರ, ಬೆಳಕಿಗೆ ಎದುರಾದಾಗ ಬರುವ ಮಂಜು ಇವುಗಳಲ್ಲಿ ಹಳೇ ಲೆನ್ಸಿನ ಗುಣ ಕಾಣುತ್ತದೆ ಅನ್ನುವುದು ನಿಜ. ಅದು ಇಷ್ಟವಾದರೆ ಬಳಸಿ. ಫುಜಿಫಿಲ್ಮ್ ಜಿಎಫ್‌ಎಕ್ಸ್‌ನಂಥ ಕ್ಯಾಮೆರಾ ಇದ್ದರೆ ಸೆನ್ಸರ್ 43.8×32.9 ಮಿ.ಮೀ, ಅಲ್ಲಿ ರೊಟ್ಟಿಯ ಇನ್ನಷ್ಟು ದೊಡ್ಡ ಭಾಗ ಸಿಗುತ್ತದೆ. ಆದರೆ ಅದು 6×4.5ಕ್ಕಿಂತಲೂ ಚಿಕ್ಕದೇ.

ಫೋಕಲ್ ರೆಡ್ಯೂಸರ್ ಹಾಕಿದರೆ?

ದೊಡ್ಡ ಬಿಂಬ ಬಳಸಿಕೊಳ್ಳುವ ಒಂದು ದಾರಿ ಅದು. ಈ ಅಡಾಪ್ಟರಿನೊಳಗೆ ಗಾಜು ಇರುತ್ತದೆ. ದೊಡ್ಡ ಬಿಂಬವನ್ನು ಕುಗ್ಗಿಸಿ ಸಣ್ಣ ಸೆನ್ಸರಿನ ಮೇಲೆ ಕೂಡಿಸುತ್ತದೆ. ಕಿಪಾನ್ ಕಂಪನಿ ಇಂಥ 0.7 ಪಟ್ಟಿನವನ್ನು ಮಾಡಿದೆ. 80 ಎಫ್/2.8 ಲೆನ್ಸು 56 ಎಫ್/2 ಆಗುತ್ತದೆ. ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕೂ ಸಿಗುತ್ತದೆ. ಮಮಿಯಾ 645ರ 80 ಎಫ್/1.9 ಇದ್ದವರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಬೆಲೆ ಮಾತ್ರ ಸಾದಾ ಅಡಾಪ್ಟರಿಗಿಂತ ಬಹಳ ಜಾಸ್ತಿ. ಎಷ್ಟೋ ಸಲ ಲೆನ್ಸಿಗಿಂತಲೂ ಜಾಸ್ತಿ.

ಶಿಫ್ಟ್ ಅಡಾಪ್ಟರ್ ಅಂದರೆ ಏನು? ನನಗೆ ಬೇಕಾ?

ಕೋಟೆ, ಗುಂಬಜ್, ಮಿನಾರು ತೆಗೆಯುವವರಾದರೆ ಖಂಡಿತ ಬೇಕು. ನಮ್ಮ ಕಡೆ ಇರುವವರು ಈ ಲೆನ್ಸು ಇಟ್ಟುಕೊಳ್ಳುವುದಕ್ಕೆ ಇದೊಂದೇ ಕಾರಣ ಸಾಕು ಅನ್ನುವುದು ನನ್ನ ನಂಬಿಕೆ.

ಬೀದರಿನ ಮಹಮೂದ್ ಗವಾನ್ ಮದರಸಾ ತಗೊಳ್ಳಿ. 1472ರ ಕಟ್ಟಡ, ಮೂರು ಅಂತಸ್ತು. ಮುಂಭಾಗದ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ, ಅದರ ಮೇಲೆ ಇನ್ನೂ ಬಣ್ಣದ ಹೆಂಚಿನ ಕೆಲಸ ಅಂಟಿಕೊಂಡಿದೆ. ಎದುರು ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಏನಾಗುತ್ತದೆ? ಮಿನಾರು ಹಿಂದಕ್ಕೆ ವಾಲಿದಂತೆ ಕಾಣುತ್ತದೆ, ಗೋಡೆಗಳು ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಕಂಪ್ಯೂಟರಿನಲ್ಲಿ ಎಳೆದು ಸರಿಮಾಡಬಹುದು. ಆಗ ಅಂಚು ಕತ್ತರಿಸಿ ಹೋಗುತ್ತದೆ, ಮೇಲಿನ ಹೆಂಚಿನ ಕೆಲಸ ಮಸುಕಾಗುತ್ತದೆ. ಅದೇ ಭಾಗಕ್ಕೆ ತಾನೇ ನಾವು ಅಲ್ಲಿವರೆಗೆ ಹೋಗಿದ್ದು?

ಶಿಫ್ಟ್ ಅಡಾಪ್ಟರಿನಲ್ಲಿ ಕ್ಯಾಮೆರಾ ಮಟ್ಟಸವಾಗಿ, ನೇರ ಮುಂದೆ ನೋಡುತ್ತಾ ನಿಲ್ಲುತ್ತದೆ. ಲೆನ್ಸು ಮಾತ್ರ ಮೇಲಕ್ಕೆ ಸರಿಯುತ್ತದೆ. ಬಿಂಬದ ಬೇರೆ ಭಾಗ ಸೆನ್ಸರಿನ ಮೇಲೆ ಬೀಳುತ್ತದೆ, ಗೆರೆಗಳು ನೇರ ಉಳಿಯುತ್ತವೆ. ಒಂದು ಲೆಕ್ಕ ಹೇಳುತ್ತೇನೆ. ಕಟ್ಟಡದಿಂದ 30 ಮೀಟರ್ ದೂರ, 50 ಮಿ.ಮೀ ಲೆನ್ಸು, ಕ್ಯಾಮೆರಾ ನಿಲುವಾಗಿದೆ. ಶಿಫ್ಟ್ ಇಲ್ಲದಿದ್ದರೆ ನಿಮ್ಮ ಕಣ್ಣಿನ ಮಟ್ಟದಿಂದ ಸುಮಾರು 11 ಮೀಟರ್ ಎತ್ತರದವರೆಗೆ ಚಿತ್ರದಲ್ಲಿ ಬರುತ್ತದೆ, ಚಿತ್ರದ ಕೆಳಗಿನ ಅರ್ಧ ಬರೀ ನೆಲ. 15 ಮಿ.ಮೀ ಮೇಲಕ್ಕೆ ಸರಿಸಿದರೆ 20 ಮೀಟರಿನವರೆಗೆ ಬರುತ್ತದೆ. ನೆಲ ಕಡಿಮೆಯಾಯಿತು, ಕಟ್ಟಡ ಜಾಸ್ತಿ ಸಿಕ್ಕಿತು.

6×6 ಲೆನ್ಸಿನ ಬಿಂಬದ ವ್ಯಾಸ ಕಡಿಮೆ ಅಂದರೂ 79 ಮಿ.ಮೀ ಇರುತ್ತದೆ. ಫುಲ್ ಫ್ರೇಮಿಗೆ ಬೇಕಾದದ್ದು 43. ಹಾಗಾಗಿ 15 ಮಿ.ಮೀ ಸರಿಸಿದರೂ ಜಾಗ ಉಳಿಯುತ್ತದೆ. ಅಡಾಪ್ಟರಿನ ಆ ಖಾಲಿ 56 ಮಿ.ಮೀ ಉದ್ದದಲ್ಲೇ ಸರಿಯುವ ಯಂತ್ರ ಕೂಡುತ್ತದೆ, ಅದಕ್ಕೇ ಇದು ಸಾಧ್ಯ. ಕ್ಯಾಮೆರಾದ ಬಾಯಿ ಸಣ್ಣದಿದ್ದರೆ ಕೊನೆಯ ಒಂದೆರಡು ಮಿ.ಮೀ ಸರಿಸಿದಾಗ ಮೂಲೆ ಕಪ್ಪಾಗಬಹುದು. ಸೋನಿಯ ಬಾಯಿ 46 ಮಿ.ಮೀ, ನಿಕಾನ್ ಝಡ್‌ನದು 55. ಫೋಟೋಡಿಯಾಕ್ಸ್, ಜರ್ಮನಿಯ ಮಿರೆಕ್ಸ್ ಇಂಥ ಅಡಾಪ್ಟರ್ ಮಾಡಿವೆ.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ ಶಿಫ್ಟ್ ಬೇರೆ ಥರ ಉಪಯೋಗಕ್ಕೆ ಬರುತ್ತದೆ. 1367ರ ಈ ಮಸೀದಿಗೆ ತೆರೆದ ಅಂಗಳ ಇಲ್ಲ, ಇಡೀ ಮಸೀದಿ ಚಾವಣಿಯ ಕೆಳಗೇ ಇದೆ. ಒಳಗಿನ ಕಮಾನುಗಳ ಸಾಲಿಗೆ ಸರಿಯಾಗಿ ಎದುರು ನಿಲ್ಲಬೇಕು ಅಂದರೆ ಕಂಬ ಅಡ್ಡ ಬರುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ನಿಂತು ಲೆನ್ಸನ್ನು ಅಡ್ಡಕ್ಕೆ ಸರಿಸಿ. ಕಂಬ ತಪ್ಪುತ್ತದೆ, ಕಮಾನು ಎದುರಿನಿಂದ ನೋಡಿದಂತೆಯೇ ಇರುತ್ತದೆ.

ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್ ಹಾಕುವ ಮೊದಲು ಪುರಾತತ್ವ ಇಲಾಖೆಯ ಅನುಮತಿ ಕೇಳಿ. ಅನುಮತಿ ಇಲ್ಲದಿದ್ದರೆ ಕೈಯಲ್ಲೇ ಹಿಡಿದು ತೆಗೆಯಬಹುದು, ಕ್ಯಾಮೆರಾದೊಳಗಿನ ಲೆವೆಲ್ ಗೆರೆ ಆನ್ ಮಾಡಿಕೊಳ್ಳಿ.

ಶಿಫ್ಟ್ ಮಾಡಿ ಎರಡು ಮೂರು ಫೋಟೋ ಜೋಡಿಸಬಹುದಂತೆ?

ಹೌದು, ಮೇಲೆ ಕೇಳಿದ ಲುಕ್ ನಿಜವಾಗಿ ಸಿಗುವುದು ಇಲ್ಲೇ. ಕ್ಯಾಮೆರಾ ಅಡ್ಡಲಾಗಿ ಇಡಿ. 15 ಮಿ.ಮೀ ಮೇಲೆ ಸರಿಸಿ ಒಂದು, ನಡುವೆ ಒಂದು, 15 ಮಿ.ಮೀ ಕೆಳಗೆ ಸರಿಸಿ ಒಂದು. ಮೂರನ್ನೂ ಜೋಡಿಸಿದರೆ 36×54 ಮಿ.ಮೀ ಸೆನ್ಸರಿನಿಂದ ತೆಗೆದಷ್ಟಾಗುತ್ತದೆ. 6×4.5 ಫಿಲ್ಮಿನ ಅಳತೆ 41.5×56. ಬಹಳ ಹತ್ತಿರ ಬಂದೆವಲ್ವಾ? ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮೊದಲೇ ಒಂದೇ ಕಡೆ ನಿಲ್ಲಿಸಿ. ಹತ್ತಿರದ ವಸ್ತು ಇದ್ದರೆ ಜೋಡಣೆ ತಪ್ಪುತ್ತದೆ, ಯಾಕೆಂದರೆ ಸರಿದದ್ದು ಲೆನ್ಸು. ಲೆನ್ಸನ್ನು ಸ್ಟ್ಯಾಂಡಿಗೆ ಬಿಗಿದು ಕ್ಯಾಮೆರಾ ಸರಿಯುವಂತೆ ಮಾಡಿಕೊಂಡರೆ ಅದೂ ತಪ್ಪುತ್ತದೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟದಂಥ ದೂರದ ನೋಟಕ್ಕೆ ಈ ತಲೆನೋವೇ ಇಲ್ಲ.

ಟಿಲ್ಟ್ ಯಾವ ಕೆಲಸಕ್ಕೆ?

ಬಿದ್ರಿ ಸಾಮಾನು ತೆಗೆದು ಮಾರುವವರು ಇದನ್ನು ಗಮನವಿಟ್ಟು ಓದಿ. ಬಿದ್ರಿ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು ಓರೆಯಿಂದ ನೋಡುತ್ತಿದ್ದೀರಿ. ಹತ್ತಿರದಿಂದ ತೆಗೆದಾಗ ಮುಂದಿನ ಅಂಚು ಚೂಪಾದರೆ ಹಿಂದಿನದು ಮಸುಕು. ಎಫ್/16, ಎಫ್/22ಕ್ಕೆ ಹೋದರೆ ಬೆಳ್ಳಿ ತಂತಿಯ ಚೂಪು ಹೋಗುತ್ತದೆ. ಟಿಲ್ಟ್ ಅಡಾಪ್ಟರಿನಲ್ಲಿ ಲೆನ್ಸನ್ನು ತಟ್ಟೆಯ ಕಡೆ ಸ್ವಲ್ಪ ಬಾಗಿಸಿದರೆ ಫೋಕಸ್ ಆಗುವ ಮಟ್ಟವೂ ಬಾಗಿ ತಟ್ಟೆಯ ಮೇಲೆ ಮಲಗುತ್ತದೆ. 80 ಮಿ.ಮೀ ಲೆನ್ಸಿಗೆ ಸಾಮಾನ್ಯವಾಗಿ 5ರಿಂದ 8 ಡಿಗ್ರಿ ಸಾಕು. ಎಫ್/8ರಲ್ಲೇ ಮುಂದಿನ ಹೂವಿನಿಂದ ಹಿಂದಿನ ಬಳ್ಳಿವರೆಗೆ ಪ್ರತಿ ತಂತಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಈ ನಿಯಮಕ್ಕೆ ಆಸ್ಟ್ರಿಯಾದ ಸೇನಾಧಿಕಾರಿ ಥಿಯೊಡೋರ್ ಶೈಂಪ್‌ಫ್ಲಗ್ ಅವರ ಹೆಸರಿದೆ.

ಕ್ರಮ ಹೀಗೆ: ಮೊದಲು ಟಿಲ್ಟ್ ಸೊನ್ನೆಯಲ್ಲಿಟ್ಟು ನಡುವೆ ಫೋಕಸ್ ಮಾಡಿ. ಆಮೇಲೆ ಸ್ವಲ್ಪ ಬಾಗಿಸಿ, ಪರದೆಯಲ್ಲಿ ದೊಡ್ಡದು ಮಾಡಿ ಹಿಂದಿನ ಅಂಚು ನೋಡಿ. ಮತ್ತೆ ಫೋಕಸ್ ತಿದ್ದಿ. ಎರಡು ಮೂರು ಸುತ್ತಿಗೆ ಕೂಡುತ್ತದೆ. ಬಿದ್ರಿಯ ಕಪ್ಪು ಬರುವುದು ಹಳೇ ಕೋಟೆಯ ಮಣ್ಣು, ನವಸಾಗರ ಕಲಸಿ ಉಜ್ಜಿದಾಗ. ಆ ಕಪ್ಪು ಬೆಳಕನ್ನು ನುಂಗುತ್ತದೆ, ಬೆಳ್ಳಿ ಕನ್ನಡಿಯ ಹಾಗೆ ಹೊಳೆಯುತ್ತದೆ. ನೇರ ಬೆಳಕು ಬಿಟ್ಟರೆ ಕೆಲವು ತಂತಿ ಬಿಳಿಯಾಗಿ ಸಿಡಿಯುತ್ತವೆ, ಉಳಿದವು ಕಾಣುವುದೇ ಇಲ್ಲ. ಪಕ್ಕದಲ್ಲಿ ಒಂದು ಬಿಳಿ ಪಂಚೆ ಇಳಿಬಿಟ್ಟು ಅದರಾಚೆಯಿಂದ ಬೆಳಕು ಬರಲಿ, ಇಡೀ ಬೆಳ್ಳಿ ಒಂದೇ ಸಮ ಕಾಣುತ್ತದೆ.

ಲೆನ್ಸು ಹಾಕಿದೆ, ಆದರೆ ಕ್ಯಾಮೆರಾ ಕ್ಲಿಕ್ ಆಗುತ್ತಿಲ್ಲ. ಕ್ಲಿಕ್ ಆದರೂ ಪೂರ್ತಿ ಕಪ್ಪು.

ಇವು ಎರಡು ಬೇರೆ ಬೇರೆ ತೊಂದರೆ. ಕ್ಲಿಕ್ ಆಗದಿದ್ದರೆ ಮೆನುವಿನಲ್ಲಿ ಲೆನ್ಸು ಇಲ್ಲದೆಯೂ ಷಟರ್ ಬಿಡಲು ಅನುಮತಿ ಕೊಡುವ ಆಯ್ಕೆ ಹುಡುಕಿ, ಆನ್ ಮಾಡಿ.

ಕಪ್ಪು ಬರುತ್ತಿದ್ದರೆ ನಿಮ್ಮದು ಬಹುಶಃ ಹ್ಯಾಸಲ್‌ಬ್ಲಾಡ್ 500ರ ಲೆನ್ಸು. ಅದರ ಷಟರ್ ಲೆನ್ಸಿನೊಳಗೇ ಇದೆ. ಷಟರ್ ಎಳೆದಿಟ್ಟ ಸ್ಥಿತಿಯಲ್ಲಿದ್ದರೆ ತೆರೆದಿರುತ್ತದೆ, ಬಿಟ್ಟ ಸ್ಥಿತಿಯಲ್ಲಿ ಮುಚ್ಚಿರುತ್ತದೆ. ಹಿಂಭಾಗದಲ್ಲಿ ಸೀಳು ಇರುವ ಒಂದು ಸಣ್ಣ ತಿರುಪಿನ ತಲೆ ಕಾಣುತ್ತದೆ, ಅಗಲ ತುದಿಯ ಸ್ಕ್ರೂಡ್ರೈವರಿನಿಂದ ಅದನ್ನು ನಿಧಾನ ತಿರುಗಿಸಿ ಎಳೆದಿಡಬೇಕು. ಜೋರು ಮಾಡಬೇಡಿ. ಆಮೇಲೆ ಅಪರ್ಚರ್ ಕಿರಿದು ಮಾಡಲು ಲೆನ್ಸಿನ ಪಕ್ಕದ ಸಣ್ಣ ಕಡ್ಡಿ ಒತ್ತಬೇಕು. ಮಮಿಯಾ 645, ಪೆಂಟ್ಯಾಕ್ಸ್ 67 ಲೆನ್ಸುಗಳಲ್ಲಿ ಆಟೋ-ಮ್ಯಾನುವಲ್ ಸ್ವಿಚ್ ಇರುತ್ತದೆ, ಅದನ್ನು ಮ್ಯಾನುವಲ್‌ಗೆ ತಳ್ಳಿದರೆ ಮುಗಿಯಿತು.

ಫೋಕಸ್, ಸ್ಟೆಬಿಲೈಸರ್ ಹೇಗೆ ಇಡಬೇಕು?

ಎಲ್ಲಾ ಕೈಯಿಂದಲೇ. ಫೋಕಸ್ ಪೀಕಿಂಗ್ (ಚೂಪಾದ ಅಂಚುಗಳನ್ನು ಪರದೆಯಲ್ಲಿ ಬಣ್ಣದಿಂದ ಗುರುತಿಸುವುದು) ದಾರಿ ತೋರಿಸುತ್ತದೆ, ಆದರೆ ಎಫ್/2.8ರಲ್ಲಿ ಅದನ್ನೇ ನಂಬಬೇಡಿ. ಕಣ್ಣಿನ ರೆಪ್ಪೆಯ ಮೇಲೆ ದೊಡ್ಡದು ಮಾಡಿ ನೋಡಿ. ಕ್ಯಾಮೆರಾದೊಳಗೆ ಕೈ ನಡುಕ ತಡೆಯುವ ಸ್ಟೆಬಿಲೈಸರ್ ಇದ್ದರೆ ಮೆನುವಿನಲ್ಲಿ ಲೆನ್ಸಿನ ನಿಜವಾದ ಅಂಕಿ ಬರೆಯಿರಿ. 80 ಇದ್ದರೆ 80, ಸಣ್ಣ ಸೆನ್ಸರ್ ಅಂತ 120 ಬರೆಯಬೇಡಿ. 0.7 ರೆಡ್ಯೂಸರ್ ಇದ್ದರೆ 56. ಯಾವ ಅಪರ್ಚರ್ ಇಟ್ಟಿದ್ದಿರಿ ಅನ್ನುವುದು ಫೋಟೋದಲ್ಲಿ ದಾಖಲಾಗುವುದಿಲ್ಲ.

ದೂರದ ವಸ್ತು ಚೂಪಾಗುತ್ತಿಲ್ಲ. ಯಾಕೆ?

ಅಡಾಪ್ಟರ್ ಕೂದಲೆಳೆಯಷ್ಟು ದಪ್ಪ ಆಗಿದ್ದರೆ ಹೀಗಾಗುತ್ತದೆ. ಸ್ವಲ್ಪ ತೆಳುವಾಗಿದ್ದರೆ ಫೋಕಸ್ ರಿಂಗ್ ಅನಂತದ ಗುರುತನ್ನು ದಾಟಿ ಹೋಗುತ್ತದೆ, ಅದು ತೊಂದರೆ ಅಲ್ಲ. ಕೊಂಡ ದಿನವೇ ಮಾಳಿಗೆ ಹತ್ತಿ, ದೂರದ ಟವರ್ ನೋಡಿ ಪರೀಕ್ಷಿಸಿ. ದಪ್ಪ ಇದ್ದರೆ ವಾಪಸ್ ಮಾಡಿ, ಉಜ್ಜಿ ಸರಿಮಾಡಲು ಹೋಗಬೇಡಿ.

ಫೋಟೋ ಪೇಲವವಾಗಿ, ಹೊಗೆ ಹಿಡಿದಂತೆ ಬರುತ್ತದೆ. ಲೆನ್ಸು ಕೆಟ್ಟಿದೆಯಾ?

ಮೊದಲು ಅಡಾಪ್ಟರಿನೊಳಗೆ ನೋಡಿ. ಸೆನ್ಸರಿಗೆ ಬೇಕಾಗದ ಆ ದೊಡ್ಡ ಬಿಂಬದ ಬೆಳಕೆಲ್ಲ ಎಲ್ಲಿಗೆ ಹೋಗಬೇಕು? ಕೊಳವೆಯ ಗೋಡೆಗೆ ಬಡಿದು ಸೆನ್ಸರಿನ ಮೇಲೆ ಚೆಲ್ಲುತ್ತದೆ. ಅಗ್ಗದ ಅಡಾಪ್ಟರುಗಳ ಒಳಗೋಡೆ ಕಪ್ಪಾಗಿದ್ದರೂ ಮಿಂಚುತ್ತದೆ. ಬಟ್ಟೆ ಅಂಗಡಿಯಿಂದ ಕಪ್ಪು ಮಖಮಲ್ ತಂದು, ಎಳೆ ಉದುರದಂತೆ ಅಂಚು ಅಂಟಿಸಿ ಒಳಗೆ ಸುತ್ತಿ. ಲೆನ್ಸಿನ ಮುಂದೆ ಆಳವಾದ ಹುಡ್ (ಅಡ್ಡ ಬೆಳಕು ತಡೆಯುವ ಕೊಳವೆ) ಹಾಕಿ. ನಿಮ್ಮ ಸೆನ್ಸರ್ ಸಣ್ಣದು, ಹಾಗಾಗಿ ಲೆನ್ಸಿನ ಜೊತೆ ಬಂದ ಹುಡ್ಡಿಗಿಂತ ಉದ್ದದ್ದು ಹಾಕಿದರೂ ಮೂಲೆ ಕಪ್ಪಾಗುವುದಿಲ್ಲ. ನಮ್ಮ ಬಿಸಿಲಿನಲ್ಲಿ ಈ ಎರಡು ಕೆಲಸ ಮಾಡಿದರೆ ಅದೇ ಲೆನ್ಸು ಬೇರೆಯದೇ ಅನ್ನುವಷ್ಟು ಬದಲಾಗುತ್ತದೆ.

ಹಳೇ ಲೆನ್ಸು ಕೊಳ್ಳುವಾಗ ಏನು ನೋಡಬೇಕು?

ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಇದ್ದರೆ ಫಂಗಸ್. ಮಂಜಿನ ಪದರ ಇದ್ದರೆ ಗ್ರೀಸಿನ ಆವಿ ಗಾಜಿನ ಮೇಲೆ ಕೂತಿದೆ. ಅಂಚಿನಿಂದ ಒಳಗೆ ಕಾಮನಬಿಲ್ಲಿನಂಥ ಕಲೆ ಹಬ್ಬಿದ್ದರೆ ಅಂಟಿಸಿದ ಗಾಜುಗಳು ಬಿಡುತ್ತಿವೆ, ಅದನ್ನು ಬಿಟ್ಟುಬಿಡಿ. ನಾಲ್ಕಾರು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಪರ್ಚರ್ ಅಲಗುಗಳ ಮೇಲೆ ಎಣ್ಣೆ ಇದೆಯಾ, ತಿರುಗಿಸಿದಾಗ ತಕ್ಷಣ ಮುಚ್ಚಿ ತೆರೆಯುತ್ತವಾ ನೋಡಿ. ಸಮುದ್ರದ ಕಡೆಯ ಊರುಗಳಿಂದ ಬರುವ ಲೆನ್ಸುಗಳಲ್ಲಿ ಫಂಗಸ್ ಜಾಸ್ತಿ. ನಮ್ಮ ಒಣ ಹವೆಯಲ್ಲಿ ಇದ್ದವು ಹೆಚ್ಚಾಗಿ ಚೊಕ್ಕ ಇರುತ್ತವೆ. ಚರ್ಮದ ಚೀಲದಲ್ಲೇ ಇಟ್ಟಿದ್ದರೆ ಮಾತ್ರ ಅನುಮಾನ ಪಡಿ.

ಬೇಸಿಗೆಯಲ್ಲಿ ಏನು ಎಚ್ಚರಿಕೆ?

ಏಪ್ರಿಲ್, ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಲೆನ್ಸು ಬಿಡಬೇಡಿ. ಹಳೇ ಗ್ರೀಸು ಕರಗಿ ಅಲಗುಗಳಿಗೆ ಹರಿಯುತ್ತದೆ. ಎರೆ ಹೊಲದ ಧೂಳು ಏಳುವ ಕಡೆ ಲೆನ್ಸು ಬದಲಿಸಬೇಡಿ. ಅಡಾಪ್ಟರನ್ನು ಲೆನ್ಸಿಗೇ ಕೂಡಿಸಿಟ್ಟು ಒಂದೇ ಸಲ ಹಾಕಿ ತೆಗೆಯಿರಿ. ಫೋಕಸ್ ರಿಂಗ್ ಗಟ್ಟಿಯಾಗಿದ್ದರೆ ಎಣ್ಣೆ ಬಿಡಬೇಡಿ, ಬಿಚ್ಚಿ ಹೊಸ ಗ್ರೀಸ್ ಹಾಕಿಸಬೇಕು. ಬೀದರಿನವರಿಗೆ ಹೈದರಾಬಾದ್ ಹತ್ತಿರ, ಹಳೇ ಕ್ಯಾಮೆರಾ ಕೆಲಸ ಗೊತ್ತಿರುವವರನ್ನು ಅಲ್ಲಿ ವಿಚಾರಿಸಿ.

ಪೆಂಟ್ಯಾಕ್ಸ್ 67ರ 105 ಎಫ್/2.4 ಹಳದಿಯಾಗಿದೆ.

ಟಕುಮಾರ್ ಅನ್ನುವ ಹೆಸರಿನ ಮೊದಮೊದಲ ಪೆಂಟ್ಯಾಕ್ಸ್ ಲೆನ್ಸುಗಳಲ್ಲಿ ಥೋರಿಯಂ ಬೆರೆಸಿದ ಗಾಜು ಇತ್ತು, ವರ್ಷಗಳು ಕಳೆದಂತೆ ಅದು ಹಳದಿ ಆಗುತ್ತದೆ. ಅಲ್ಟ್ರಾವಯಲೆಟ್ ಬೆಳಕು ಬಿದ್ದರೆ ತಿಳಿಯಾಗುತ್ತದೆ. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ, ಆದರೆ ಲೆನ್ಸನ್ನು ಬಯಲು ಬಿಸಿಲಿಗೆ ಇಟ್ಟರೆ ಬೆಂಕಿ ಹತ್ತಬಹುದು, ಗ್ರೀಸೂ ಕರಗುತ್ತದೆ. ಸಣ್ಣ ಅಲ್ಟ್ರಾವಯಲೆಟ್ ಎಲ್‌ಇಡಿ ದೀಪದ ಕೆಳಗೆ ಕೆಲವು ದಿನ ಇಡುವುದು ಕ್ಷೇಮ. ಆ ದೀಪವನ್ನು ನೇರ ನೋಡಬೇಡಿ. ಕಪ್ಪು-ಬಿಳುಪು ತೆಗೆಯುವವರಾದರೆ ಹಾಗೇ ಬಿಡಿ, ಹಳದಿ ಫಿಲ್ಟರ್ ಹಾಕಿದಂತೆ ಕೆಲಸ ಮಾಡುತ್ತದೆ.

ಮದುವೆಗೆ ಬಳಸಬಹುದಾ?

ಮೆರವಣಿಗೆಗೆ, ಅಕ್ಷತೆಗೆ ಬೇಡ. ಕ್ಷಣ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಮನೆಯ ಹಿರಿಯರನ್ನು ಕಿಟಕಿಯ ಪಕ್ಕ ಕೂಡಿಸಿ, ಎಫ್/4ರಲ್ಲಿ ಸಮಾಧಾನವಾಗಿ ಒಂದು ಮುಖಚಿತ್ರ ತೆಗೆಯಲು ಬಹಳ ಒಳ್ಳೆಯದು.

60 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಈ ಲೆನ್ಸು ಸಾಕಾಗುತ್ತದಾ?

ದೊಡ್ಡ ನೆಗೆಟಿವ್ವನ್ನು ಕಡಿಮೆ ಪಟ್ಟು ಹಿಗ್ಗಿಸಿದರೆ ಸಾಕಿತ್ತು. ಅದಕ್ಕೆ ಈ ಲೆನ್ಸುಗಳನ್ನು ಅತಿ ಸಣ್ಣ ಅಳತೆಯ ಚೂಪಿಗೆ ಮಾಡಿರಲಿಲ್ಲ. ಪೂರ್ತಿ ತೆರೆದಾಗ 60 ಮೆಗಾಪಿಕ್ಸೆಲ್ಲಿನಲ್ಲಿ ಮೃದು ಕಾಣುತ್ತವೆ. 24 ಮೆಗಾಪಿಕ್ಸೆಲ್ಲಿಗೆ ಧಾರಾಳ ಸಾಕು. ಎಫ್/5.6ರಿಂದ ಎಫ್/8ರ ನಡುವೆ ಬಳಸಿ.

ಬಹಳ ಭಾರ ಇದೆ. ಮೌಂಟ್ ಬಾಗುವುದಿಲ್ಲವಾ?

ಪೆಂಟಾಕಾನ್ ಸಿಕ್ಸಿನ 180 ಎಫ್/2.8 ಸೊನ್ನಾರ್ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ. ಎಡಗೈ ಯಾವಾಗಲೂ ಲೆನ್ಸಿನ ಕೆಳಗೆ ಇರಲಿ, ಬೆಲ್ಟು ಲೆನ್ಸಿನ ಕಡೆಗಿರಲಿ. ಟ್ರೈಪಾಡಿಗೆ ಹಾಕುವಾಗ ಕ್ಯಾಮೆರಾದ ತಳಕ್ಕಲ್ಲ, ಅಡಾಪ್ಟರಿನ ಕಾಲಿಗೆ ಬಿಗಿಯಿರಿ. ಕಾಲು ಇಲ್ಲದ ಅಡಾಪ್ಟರ್ ಕೊಳ್ಳಬೇಡಿ.

ಮೊದಲ ಸಲ ಕೊಳ್ಳುವುದಾದರೆ ಯಾವುದು ಕೊಳ್ಳಲಿ?

ಮನೆಯಲ್ಲಿ ಲೆನ್ಸು ಇದ್ದರೆ ಅದಕ್ಕೆ ತಕ್ಕ ಅಡಾಪ್ಟರ್. ಇಲ್ಲದಿದ್ದರೆ ಪೆಂಟಾಕಾನ್ ಸಿಕ್ಸ್ ಮೌಂಟ್ ಹಿಡಿಯಿರಿ. ಜರ್ಮನಿಯ ಯೆನಾ ಲೆನ್ಸು, ಕೀವ್ 60ರ ಸೋವಿಯತ್ ಲೆನ್ಸು ಎರಡೂ ಅದೇ ಅಡಾಪ್ಟರಿಗೆ ಕೂಡುತ್ತವೆ, ಲೆನ್ಸಿನೊಳಗೆ ಷಟರ್ ಇಲ್ಲ. ಕೀವ್ 88ರ ಹಳೇ ತಿರುಪಿನ ಮೌಂಟ್ ಬೇರೆ, ಹೆಸರು ಓದಿ ಮೋಸ ಹೋಗಬೇಡಿ. 50 ಮಿ.ಮೀ ಒಂದು, 80 ಅಥವಾ 120 ಬಯೋಮೆಟಾರ್ ಒಂದು. ಮೊದಲು ಅಗ್ಗದ ಕೊಳವೆ ಕೊಂಡು ಆಮೇಲೆ ಟಿಲ್ಟ್-ಶಿಫ್ಟ್ ಕೊಳ್ಳುವ ಬದಲು ನೇರವಾಗಿ ಟಿಲ್ಟ್-ಶಿಫ್ಟ್ ಅಡಾಪ್ಟರಿಗೇ ದುಡ್ಡು ಕೂಡಿಸಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೇರೆ ಬೀಳುತ್ತದೆ, ಅದನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ.